ಇನ್‌ಕ್ಯುಬೇಟರಿಗೆ ಆಯುಧ ಪೂಜೆ

ನಮ್ಮದು ಮಡಿ ಮಾಡುವ ಮನೆಯಲ್ಲ. ನಾನು ಮಡಿ ಕಲಿತದ್ದು ಜೀವಕೋಶ ವಿಜ್ಞಾನದ ಪಿಎಚ್‌ಡಿಯಲ್ಲಿ. ಕೈಗೆ ಗ್ಲೌಸು, ಗ್ಲೌಸಿಗೆ ಸ್ಪಿರಿಟ್ಟು; ಸಿಕ್ಕಿದ್ದನ್ನು ಮುಟ್ಟುವಂತಿಲ್ಲ, ಕೆಮ್ಮುವಂತಿಲ್ಲ.

ಆಮೇಲೆ ಅಲ್ಲಿ ಇಲ್ಲಿ ತಾತ್ಕಾಲಿಕ ಕೆಲಸ ಮಾಡಿ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಗೆ ಬಂದೆ. ಅದೂ ಕಾಂಟ್ರ್ಯಾಕ್ಟೇ. ಕಾಯಂ ಆಗಲು ಇದ್ದದ್ದು ಒಂದೇ ಷರತ್ತು: ನಾನು ಬೆಳೆಸುತ್ತಿದ್ದ ಹೃದಯದ ಜೀವಕೋಶಗಳು ಡಿಶ್‌ನಲ್ಲಿ ತಾವಾಗಿಯೇ ಬಡಿಯಬೇಕು. ಬಡಿಯದಿದ್ದರೆ ನಾನು ಮನೆಗೆ. ನನ್ನ ವಯಸ್ಸಿನಲ್ಲಿ ಮತ್ತೆ ಕೆಲಸ ಹುಡುಕುವುದೆಂದರೆ ನನಗೆ ಭಯವಿತ್ತು.

ಇನ್ನೇನು ಬಡಿಯಬೇಕು ಅನ್ನುವಾಗ ಆಯುಧ ಪೂಜೆ ಬಂತು. ನಮ್ಮ ಏರಿಯಾದಲ್ಲಿ ಲೇತ್ ಮಷಿನ್ನಿನಿಂದ ಲ್ಯಾಪ್‌ಟಾಪಿನವರೆಗೆ ಯಾವುದಕ್ಕೂ ಕುಂಕುಮ ತಪ್ಪುವುದಿಲ್ಲ. ಅತ್ತಿಬೆಲೆಯಿಂದ ಟೆಂಪೋದಲ್ಲಿ ಬೂದುಗುಂಬಳ, ಚೆಂಡುಹೂವು ಬಂದಿಳಿದವು. ಹೂವಿನ ಜೊತೆ ಬೂಷ್ಟು ಒಳಹೊಕ್ಕರೆ ನನ್ನ ಕಥೆ ಮುಗಿಯಿತು. ಜೀವಕೋಶಗಳಿದ್ದ ಕೋಣೆಗೆ ಬೀಗ ಹಾಕಿ ಬಾಗಿಲಿಗೆ ಅಡ್ಡ ನಿಂತೆ.

"ಒಳಗಿನವಕ್ಕ ಒಂದು ಬೊಟ್ಟರ ಬ್ಯಾಡೇನ್ರಿ ಮೇಡಂ?" ಎಂದರು ರಾಯಚೂರು ಕಡೆಯ ಹೌಸ್‌ಕೀಪಿಂಗ್ ಅಕ್ಕ.

"ಬಾಗಿಲಿಗೇ ಇಡಿ ಅಕ್ಕ. ಒಳಗೆ ಮೈಲಿಗೆ ಆಗುತ್ತೆ."

ಪೂಜೆಯಿಂದ ಮೈಲಿಗೆಯಾಗುತ್ತದೆ ಎಂದ ಮೊದಲ ಹೆಂಗಸು ನಾನೇ ಇರಬೇಕು. ಅವರು ಬಾಗಿಲಿಗೆ ಬೊಟ್ಟಿಟ್ಟು ಹೋದರು.

ವಿಜಯದಶಮಿಯ ರಜೆ ಮುಗಿಸಿ ಬಂದು, ಡಿಶ್‌ಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ತೆರೆದೆ. ಒಳಗಿನ ಗಾಜಿಗೆ ಕುಂಕುಮ. ಪ್ರತಿ ಮುಚ್ಚಳದ ಮೇಲೂ ಚೆಂಡುಹೂವಿನ ಒಂದೊಂದು ಎಸಳು. ಮುಚ್ಚಳದ ಕೆಳಗೆ ಬೂಷ್ಟು.

ಇನ್ನೊಂದು ಬೀಗದ ಕೈ ಇದ್ದದ್ದು ನಮ್ಮ ಡೈರೆಕ್ಟರ ಹತ್ತಿರ. ಹೊರದೇಶದಲ್ಲಿ ಓದಿ ಬಂದವರು, ಆ ಕೋಣೆಯ ನಿಯಮಗಳನ್ನು ಬರೆದವರು. ಹೋಗಿ ಕೇಳಿದೆ.

"ನಿಮ್ಮ ಕೆಲ್ಸ ಆಗ್ಲಿ ಅಂತಾನೇ ಮಾಡಿದ್ದು ಕಣ್ರೀ," ಎಂದರು. "ಗ್ಲೌಸ್ ಹಾಕ್ಕೊಂಡೇ ಇಟ್ಟೆ."

ವಾಪಸ್ ಬಂದು, ಬಿಸಾಡುವ ಮುಂಚೆ ಒಂದು ಡಿಶ್ಶನ್ನು ಮೈಕ್ರೋಸ್ಕೋಪಿನಡಿ ಇಟ್ಟೆ. ಬೂಷ್ಟಿನ ಎಳೆಗಳ ನಡುವೆ ಒಂದು ಮೂಲೆ ಬಡಿಯುತ್ತಿತ್ತು. ನಿಧಾನವಾಗಿ, ಬಿಟ್ಟು ಬಿಟ್ಟು.

ಡೈರೆಕ್ಟರನ್ನು ಕರೆದು ತೋರಿಸಿದೆ. ಬಹಳ ಹೊತ್ತು ನೋಡಿ, ವಿಡಿಯೋ ಮಾಡಿಕೊಂಡು, "ಷರತ್ತು ಷರತ್ತೇ. ನೀವು ಕಾಯಂ," ಎಂದರು.

ಬೂಷ್ಟು ಬೇರೆಯವರ ಡಿಶ್‌ಗಳಿಗೆ ಹರಡಬಾರದು. ಬ್ಲೀಚ್ ತಂದು ಸುರಿದೆ. ಬಡಿತ ನಿಂತಿತು. ಪಕ್ಕದಲ್ಲಿ ಡೈರೆಕ್ಟರು ಕಂಗ್ರಾಟ್ಸ್ ಹೇಳುತ್ತಿದ್ದರು. ನಾನು ಅಳುತ್ತಿದ್ದೆ.