ಬಿಸಿಲಿಗಿಟ್ಟ ಚೀಸು

ಮುಂಬಯಿಯ ಸಯನ್ನಿನ ನಮ್ಮ ಮನೆಯ ಫ್ರಿಜ್ಜಿನ ಬಾಗಿಲು ತೆರೆದರೆ, ಮಿತ್ರರೇ, ನಿಮ್ಮನ್ನು ಮೊದಲು ಮಾತನಾಡಿಸುವುದು ವಾಸನೆ. ಹೆಪ್ಪಿನ ಮೊಸರು, ಬೆಣ್ಣೆ, ಕೊತ್ತಂಬರಿ ಕಟ್ಟುಗಳ ಸಾತ್ವಿಕ ಸಂಸಾರದ ನಡುವೆ ಕೆಲವು ತಿಂಗಳಿಂದ ಚೀಸಿನ ಬಳಗವೊಂದು ಬಿಡಾರ ಹೂಡಿದೆ. ಕರೆತಂದವಳು ನನ್ನ ಸೊಸೆ ನಿಧಿ, ಸಾಂತಾಕ್ರೂಜಿನಲ್ಲಿ ಬೆಳೆದ ವಿಜಯಪುರದವರ ಮಗಳು.

ಅಲ್ಲಿಯವರೆಗೆ ನನ್ನ ಪಾಲಿಗೆ ಚೀಸೆಂದರೆ ಸ್ಟೇಷನ್ನಿನ ಹೊರಗೆ ಸ್ಯಾಂಡ್‌ವಿಚ್‌ನವನು ಧಾರಾಳವಾಗಿ ತುರಿದು ಸುರಿಯುವ ಹಳದಿ ರಾಶಿ. ಅದರ ಮೇಲೆ ನನಗೆ ಈಗಲೂ ಮುನಿಸಿಲ್ಲ. ಹಸಿದು ಲೋಕಲ್ ಹಿಡಿಯುವವರಿಗೆ ಅದು ಅಮೃತವೇ. ಆದರೆ ನಿಧಿ ಒಂದೊಂದೇ ಹೋಳು ಕತ್ತರಿಸಿ ಕೈಗಿಡತೊಡಗಿದ ಮೇಲೆ ನನ್ನ ನಾಲಿಗೆಗೆ ಇಳಿವಯಸ್ಸಿನಲ್ಲಿ ಅಕ್ಷರಾಭ್ಯಾಸವಾಯಿತು. ಒಂದು ಕೆನೆಯಂತೆ ಸದ್ದಿಲ್ಲದೆ ಕರಗಿಹೋಗುತ್ತದೆ. ಇನ್ನೊಂದು, ವರ್ಷಗಟ್ಟಲೆ ಕಾದು ಗಟ್ಟಿಯಾದದ್ದು, ಮೊದಲು ಉಪ್ಪು, ಆಮೇಲೆ ಹುಳಿ, ಕಟ್ಟಕಡೆಗೆ ಹುರಿದ ಶೇಂಗಾದ ಘಮ ಬಿಟ್ಟುಕೊಡುತ್ತದೆ. ಎಲ್ಲಕ್ಕೂ ಮೂಲ ಹಾಲೇ. ಕಾಯುವ ಬಗೆ ಬೇರೆ. ಮನುಷ್ಯರನ್ನೂ ಹೀಗೆ ತಾಳ್ಮೆಯಿಂದ ಹದಕ್ಕೆ ಬಿಡಬೇಕೆಂದು ಬಲ್ಲೆ, ಆದರೆ ಕಾಯುವುದು ನನ್ನ ಜಾಯಮಾನವಲ್ಲ.

ನನ್ನ ಚಿಂತೆಯೂ ಅದೇ ಆಗಿತ್ತು. ನಿಧಿ ನಮ್ಮ ಮನೆಯಲ್ಲಿ ಬೀಗರ ಹಾಗೆ ಇದ್ದಳು. ನೀರು ಕೊಟ್ಟರೆ ಥ್ಯಾಂಕ್ಯೂ, ತಟ್ಟೆ ಸದ್ದಾದರೆ ಸಾರಿ. ವಯಸ್ಸಾದ ನನ್ನ ಅತ್ತೆಯವರ ಮುಂದಂತೂ ಇಂಟರ್‌ವ್ಯೂಗೆ ಬಂದವರ ವಿನಯ. ಈ ಮನೆ ತನ್ನದೆಂದು ಹುಡುಗಿಗೆ ಎಂದಾದರೂ ಅನ್ನಿಸೀತೇ ಎಂದು ಒಳಗೊಳಗೇ ಕೊರಗುತ್ತಿದ್ದೆ.

ಹೀಗಿರಲು ಒಂದು ಶನಿವಾರ, ಶಾಕಾಹಾರಿ ಹೆಪ್ಪಿನದೇ ಎಂದು ಅಂಗಡಿಯವನನ್ನು ಕೇಳಿ ಖಾತ್ರಿಪಡಿಸಿಕೊಂಡು, ಅವಳು ಬಲು ಆಸೆಯಿಂದ, ಬೇಕೆಂದೇ ಬೂಷ್ಟು ಬೆಳೆಸಿದ ನೀಲಿ ಗೆರೆಗಳ ಚೀಸು ತಂದಳು. ಮರುದಿನ ಗೆಳತಿಯನ್ನು ಕಾಣಲು ಅವಳು ಘಾಟ್ಕೋಪರಿಗೆ ಹೋದಾಗ ಅದು ಅತ್ತೆಯವರ ಕಣ್ಣಿಗೆ ಬಿತ್ತು. ನಮ್ಮ ಮನೆಯಲ್ಲಿ ಉಪ್ಪಿನಕಾಯಿಗೆ ಬೂಷ್ಟು ಬಂದರೆ ಚೆಲ್ಲುವ ಪದ್ಧತಿಯಿಲ್ಲ. ಮೇಲಿನದನ್ನು ತೆಗೆದು, ಉಪ್ಪು ಹಾಕಿ, ಬಿಸಿಲಿಗಿಟ್ಟು ಉಳಿಸಿಕೊಳ್ಳುತ್ತೇವೆ. ಹುಡುಗಿ ಆಸೆಪಟ್ಟು ತಂದದ್ದು ಕೆಟ್ಟುಹೋಗಬಾರದೆಂದು ಅತ್ತೆ ಚಮಚದ ತುದಿಯಿಂದ ನೀಲಿಯನ್ನೆಲ್ಲ ಕೆದಕಿ ತೆಗೆದು, ಉಳಿದದ್ದಕ್ಕೆ ಉಪ್ಪು ಸವರಿ, ಬಟ್ಟಲಿಗೆ ಬಿಳಿ ಬಟ್ಟೆ ಕಟ್ಟಿ ಬಾಲ್ಕನಿಯಲ್ಲಿಟ್ಟರು. ನಾನು ಮಧ್ಯಾಹ್ನದ ನಿದ್ದೆಯಿಂದ ಏಳುವಷ್ಟರಲ್ಲಿ ಅದು ಕರಗಿ ಗಂಜಿಯಾಗಿತ್ತು. ದಿನವೂ ಗ್ರಿಲ್ಲಿಗೆ ಬಂದು ಕೂರುವ ಕಾಗೆ ಕೂಡ ಎದುರಿನ ಬಿಲ್ಡಿಂಗಿಗೆ ವಲಸೆ ಹೋಗಿತ್ತು.

ನಿಧಿ ಬಂದು ಬಟ್ಟಲನ್ನು ನೋಡಿದಳು. ಈಗ ಇವಳು ನಕ್ಕು, ಪರವಾಗಿಲ್ಲ ಎಂದು, ಇನ್ನು ಮೇಲೆ ತನ್ನ ಚೀಸನ್ನೆಲ್ಲ ತವರಿನಲ್ಲೇ ತಿಂದು ಬರುತ್ತಾಳೆ ಎಂದುಕೊಂಡೆ.

ಅವಳು ನಗಲಿಲ್ಲ.

"ಅಜ್ಜಿ, ಯೇ ಕ್ಯಾ ಮಾಡಿದ್ರಿ? ಆ ನೀಲಿ ಒಳಗ ಅದರ ರುಚಿ ಇತ್ತು. ಇನ್ನ ಮುಂದ ನನ್ನ ಕೇಳದ ಮುಟ್ಟಬ್ಯಾಡ್ರಿ."

ಮನೆಯಲ್ಲಿ ಯಾರೂ ಆವರೆಗೆ ಅತ್ತೆಯವರ ಮುಂದೆ ಆ ದನಿಯಲ್ಲಿ ಮಾತನಾಡಿದ್ದಿಲ್ಲ, ನಾನಂತೂ ಇಲ್ಲವೇ ಇಲ್ಲ. ಅತ್ತೆ ಅವಳನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಅವರ ಮುಖವೆಲ್ಲ ಅರಳಿತು.

"ಅಂತೂ ಬೈದಿ ನೋಡವಾ," ಎಂದರು. "ನಿನ್ನ ಥ್ಯಾಂಕ್ಯೂ ಕೇಳಿ ಕೇಳಿ ನನಗ ಸಾಕಾಗಿತ್ತು. ಕೂಡು, ರೊಟ್ಟಿ ಜೋಡಿ ತಿಂದು ನೋಡೋಣು."

ಮೂವರೂ ಆ ಗಂಜಿಯನ್ನು ಬಿಸಿ ಜೋಳದ ರೊಟ್ಟಿಗೆ ಸವರಿಕೊಂಡು ತಿಂದೆವು. ಉಪ್ಪು ಜಾಸ್ತಿಯಾಗಿದೆಯೆಂದು ನಿಧಿ ಇನ್ನೊಮ್ಮೆ ಗದರಿದಳು, ಅತ್ತೆ ತಿರುಗಿ ಗದರಿದರು, ನಾನು ಹೊಟ್ಟೆ ತುಂಬ ಉಂಡೆ.