ಅರ್ಧ ಸ್ವರ ಮೇಲೆ

ರೇಡಿಯೋ ನಿಲಯದ ನೆಲಮಹಡಿಯಲ್ಲಿ, ಹಳೆಯ ಧ್ವನಿಮುದ್ರಿಕೆಗಳ ಉಗ್ರಾಣದಲ್ಲಿ, ಮೂವತ್ತೊಂದು ವರ್ಷ ಒಂದೇ ಮೇಜಿಗೆ ಕೂತವರನ್ನು ಎಲ್ಲರೂ ‘ಚಿನ್ನದ ಕಿವಿ’ ಎನ್ನುತ್ತಿದ್ದರು. ‘ನಮ್ಮದೆಲ್ಲ ಹಿತ್ತಾಳೆ ಕಿವಿ, ಯಾರು ಊದಿದ್ರೂ ನಂಬ್ತೀವಿ. ಅವರದು ಚಿನ್ನದ್ದು’ ಎಂದು ಯಾರೋ ಆಡಿದ ಮಾತು ಹಾಗೇ ಅಂಟಿಕೊಂಡಿತ್ತು. ಬಂದ ಪ್ರತಿ ಮುದ್ರಿಕೆಯನ್ನೂ ಕೇಳಿ, ರಟ್ಟಿನ ಚೀಟಿಯಲ್ಲಿ ವೇಗ, ಶ್ರುತಿ, ಭಾವ ಬರೆಯುವುದು ಅವರ ಕೆಲಸ. ವೇಗಕ್ಕೆ ಕೈಯಲ್ಲಿ ಗಡಿಯಾರವಿತ್ತು. ಶ್ರುತಿಗೆ ಯಾವ ವಾದ್ಯವೂ ಬೇಕಿರಲಿಲ್ಲ. ಬಾಗಿಲು ಕಿರುಗುಟ್ಟಿದರೂ ಅದು ಯಾವ ಸ್ವರವೆಂದು ಹೇಳುತ್ತಿದ್ದರು. ಭಾವ ಬರೆಯುವಾಗ ಮಾತ್ರ ಪೆನ್ನು ತುಸು ತಡೆಯುತ್ತಿತ್ತು.

ಅವರ ಹೆಂಡತಿ ನಾಟಕ ಮಂದಿರದ ವಾದ್ಯವೃಂದದಲ್ಲಿ ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ ನುಡಿಸುತ್ತಿದ್ದವರು. ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅವರು ನುಡಿಸಿದ ಒಂದೇ ಒಂದು ಮುದ್ರಿಕೆ ಉಳಿದಿತ್ತು: ಸಂಗೀತ ನಾಟಕವೊಂದರ ಹಾಡು, ಹಾಡುವವರಿಲ್ಲದೆ ಬರೀ ವಾದ್ಯಗಳಲ್ಲಿ. ನಡುವೆ ಎಂಟು ಆವರ್ತ ಅವರ ವಯೋಲಾ ಒಂದೇ. ಅದರ ಚೀಟಿಯನ್ನೂ ಇವರೇ ಬರೆದಿದ್ದರು: ವೇಗ ನಿಮಿಷಕ್ಕೆ ನೂರಾ ಹನ್ನೆರಡು ಬಡಿತ, ಶ್ರುತಿ ಎಫ್ ಮೇಜರ್, ಭಾವ ಸಂತೋಷ.

ಹಳೆಯ ಟೇಪುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸುವ ಕೆಲಸ ಶುರುವಾದಾಗ ಒಂದು ಬೆಳಿಗ್ಗೆ ಅದರ ಸರದಿಯೂ ಬಂತು. ಯಂತ್ರದ ಕೋಣೆಯ ಹುಡುಗಿ ಟೇಪು ಹಚ್ಚಿದಳು. ಎರಡು ನಿಮಿಷ ಕೇಳಿ ಇವರು ಕೈ ಎತ್ತಿದರು.

“ನಿಲ್ಲಿಸಮ್ಮ. ಯಂತ್ರ ಜೋರಾಗಿ ಓಡ್ತಿದೆ. ಶ್ರುತಿ ಅರ್ಧ ಸ್ವರ ಏರಿದೆ.”

“ಮೊನ್ನೆ ತಾನೆ ರಿಪೇರಿ ಆಗಿದೆ ಸರ್.”

“ಟೇಪು ಜೋರಾಗಿ ಓಡಿದ್ರೆ ವೇಗಾನೂ ಏರಿರಬೇಕು. ಎಣಿಸಿ ತೋರಿಸ್ತೀನಿ.”

ಗಡಿಯಾರ ಹಿಡಿದು ಎಣಿಸಿದರು. ನೂರಾ ಹನ್ನೆರಡು. ಮತ್ತೆ ಎಣಿಸಿದರು. ಅಷ್ಟೇ.

ಹುಡುಗಿ ಮೂಲೆಯಲ್ಲಿದ್ದ ಸಣ್ಣ ಸಂಗೀತದ ಕೀಬೋರ್ಡಿನ ಒಂದು ಮನೆ ಒತ್ತಿದಳು.

“ಎಫ್ ಶಾರ್ಪ್” ಎಂದರು.

“ನಾನು ಒತ್ತಿದ್ದು ಎಫ್, ಸರ್. ಅರ್ಧ ಸ್ವರ ಕೆಳಗಿನದು.”

ಎದ್ದು ಬಂದು ನೋಡಿದರು. ಅವಳ ಬೆರಳು ಇನ್ನೂ ಅಲ್ಲೇ ಇತ್ತು.

ವಯಸ್ಸಾದಾಗ ಕೆಲವರಿಗೆ ಹೀಗೆ ಎಲ್ಲ ಸ್ವರವೂ ತುಸು ಏರಿ ಕೇಳಿಸುತ್ತದೆ, ಇದಕ್ಕೆ ಮದ್ದಿಲ್ಲ ಎಂದರು ಕಿವಿಯ ಡಾಕ್ಟರು. “ಕೇಳ್ಸುತ್ತಲ್ಲ ಅಪ್ಪ, ಅದೇ ದೊಡ್ಡದು” ಎಂದಳು ಜೊತೆಗೆ ಬಂದಿದ್ದ ಮಗಳು. ಅವರು ತಲೆಯಾಡಿಸಿದರು.

ಮರುದಿನ ತಾವೇ ಮೇಲಧಿಕಾರಿಯ ಬಳಿ ಹೋಗಿ ಹೇಳಿದರು. ಎಂದಿನಿಂದ ಕೆಟ್ಟಿದೆಯೋ ಗೊತ್ತಿಲ್ಲ, ಬರೆದದ್ದನ್ನೆಲ್ಲ ಮರಳಿ ನೋಡಬೇಕು ಎಂದರು.

“ಬಿಡಿ ಇವರೇ. ಇಷ್ಟು ದಿನ ಯಾರೂ ಒಂದು ಮಾತು ಎತ್ತಿಲ್ವಲ್ಲ” ಎಂದರು ಅಧಿಕಾರಿ. ಸಮಾಧಾನಕ್ಕೆ ಹೇಳಿದ್ದು. ಆದರೆ ಡಾಕ್ಟರ ಮಾತಿಗಿಂತ ಅದೇ ಹೆಚ್ಚು ಚುಚ್ಚಿತು.

ಆರು ವಾರ ಆ ಹುಡುಗಿ ಕೀಬೋರ್ಡಿಗೆ ಕೂತಳು, ಇವರು ಚೀಟಿ ತೆಗೆದರು. ಹಿಂದಿನ ಹದಿನಾಲ್ಕು ತಿಂಗಳ ಚೀಟಿಗಳಲ್ಲಿ ಇನ್ನೂರಕ್ಕೂ ಹೆಚ್ಚು ತಪ್ಪಿದ್ದವು. ಒಂದೊಂದನ್ನೂ ಕೆಂಪು ಶಾಯಿಯಲ್ಲಿ ಹೊಡೆದು, ತಿದ್ದಿ, ಪಕ್ಕದಲ್ಲಿ ಸಹಿ ಹಾಕಿದರು.

ಕೊನೆಯ ದಿನ ಹುಡುಗಿ ಹಿಂಜರಿಯುತ್ತ ಕೇಳಿದಳು. “ಸರ್, ಅಮ್ಮೋರು ನುಡಿಸಿದ್ದನ್ನ ಕಂಪ್ಯೂಟರಲ್ಲಿ ಅರ್ಧ ಸ್ವರ ಇಳಿಸಿ ಕೊಡ್ಲಾ? ನಿಮ್ಮ ಕಿವಿಗೆ ಮೊದಲಿನ ಹಾಗೇ ಕೇಳುತ್ತೆ.”

ಹೂಂ ಅಂದರು. ಅವಳು ಇಳಿಸಿದಳು. ಕಣ್ಣು ಮುಚ್ಚಿ ಕೇಳಿದರು. ಎಫ್ ಮೇಜರ್ ಎಫ್ ಮೇಜರಾಗಿಯೇ ಕೇಳಿಸಿತು. ಆದರೆ ಆ ಎಂಟು ಆವರ್ತ ಬಂದಾಗ ವಯೋಲಾದ ದನಿ ದಪ್ಪವಾಗಿ, ನೆಗಡಿಯಾದವರ ಗಂಟಲಿನಂತಿತ್ತು.

ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟರು. “ಬೇಡಮ್ಮ. ಸ್ವರ ಸಿಕ್ಕಿತು. ಅವಳು ಸಿಗಲಿಲ್ಲ.”

ನಿವೃತ್ತಿಗೆ ಐದು ತಿಂಗಳು ಮೊದಲೇ ಕೆಲಸ ಬಿಟ್ಟರು. ಅಪ್ಪನಿಗೆ ಹೊತ್ತು ಹೋಗಲಿ ಎಂದು ಮಗಳು ಒಂದು ರೇಡಿಯೋ ತಂದುಕೊಟ್ಟಳು. ಅದರಲ್ಲಿ ವಾರ್ತೆ ಕೇಳುತ್ತಾರೆ, ಹವಾಮಾನ ಕೇಳುತ್ತಾರೆ. ವಾರ್ತೆ ಮುಗಿದು ವಾದ್ಯ ಶುರುವಾಗುವಷ್ಟರಲ್ಲಿ ಎದ್ದು ರೇಡಿಯೋ ನಿಲ್ಲಿಸುತ್ತಾರೆ.