ಸಕ್ಕರೆಯಿಲ್ಲದ ಪೆಪ್ಪರಮಿಂಟು

ಇಂಡಿಯಲ್ಲಿ ಔಷಧ ಅಂಗಡಿ ಇಟ್ಟುಕೊಂಡಿರುವ ನನಗೆ ಗಿರಾಕಿಗಳ ಮೇಲೆ ಸಿಟ್ಟು ಬರುವುದು ಒಂದೇ ಕಾರಣಕ್ಕೆ. ಕೊಟ್ಟದ್ದನ್ನು ಓದದೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಡಬ್ಬಿಯ ಹಿಂದಿನ ಸಣ್ಣಕ್ಷರವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದುವವರು ಇಡೀ ಊರಿನಲ್ಲಿ ಒಬ್ಬರೇ ಇದ್ದರು, ಗೋವಿಂದ ಸರ್. ಅಂಥವರ ಮನೆಯಲ್ಲೇ ಹೀಗಾಯಿತಲ್ಲ ಎಂಬುದು ನನಗೆ ಇಂದಿಗೂ ನುಂಗಲಾರದ ತುತ್ತು.

ಸರ್ ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಸಿಂದಗಿಯಲ್ಲಿ ಎಂಟು ವರ್ಷ, ಮುದ್ದೇಬಿಹಾಳದಲ್ಲಿ ಆರು ವರ್ಷ ಇದ್ದು, ಕಡೆಗೆ ಇಂಡಿಗೆ ವರ್ಗವಾಗಿ ಬಂದು ಇಲ್ಲೇ ನಿವೃತ್ತರಾದರು. ಆಚಾರದ ಮನೆತನ. ಈರುಳ್ಳಿ, ಬೆಳ್ಳುಳ್ಳಿ ಹೊಸ್ತಿಲು ದಾಟುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಅವರಿಗೆ ಈ ಓದುವ ಚಟ ಹತ್ತಿತು. ಬಿಸ್ಕಿಟ್ ಪುಡಿಕೆಯ ಮೇಲೆ ಬೆರಕೆಯ ಹೆಸರಿನ ಬದಲು ಹಾಕಿದ ನಂಬರು ಹಿಡಿದು, ಇದು ಯಾವ ಪ್ರಾಣಿಯದು ಎಂದು ಅಂಗಡಿಯವರನ್ನು ಪೀಡಿಸುವರು. ಅವರು ಬರುವುದು ಕಂಡರೆ ಕಿರಾಣಿ ಅಂಗಡಿಯ ಶಮಶುದ್ದೀನ ಚಾಚಾ ಒಳಗೆ ಹೋಗಿ ಕೂರುತ್ತಿದ್ದ. ಮಾತ್ರೆಯ ಕ್ಯಾಪ್ಸೂಲ್ ಎಲುಬಿನಿಂದ ಮಾಡಿದ್ದೆಂದು ಓದಿದ ದಿನದಿಂದ, ಸರ್ ಅದನ್ನು ಬಿಚ್ಚಿ, ಒಳಗಿನ ಪುಡಿಯನ್ನಷ್ಟೇ ಹಾಲಿನಲ್ಲಿ ಕಲಸಿ ಹೆಂಡತಿಗೆ ಕೊಡುತ್ತಿದ್ದರು. ನಾನು ನಗುತ್ತಿದ್ದೆ. ಒಳಗೊಳಗೆ ಹೆಮ್ಮೆಯೂ ಪಡುತ್ತಿದ್ದೆ.

ಹೆಂಡತಿ ಗೋದೂಬಾಯಿ, ನಮಗೆಲ್ಲ ಬಾಯಾರು. ಎಂಟನೆಯ ವಯಸ್ಸಿಗೆ ಅಜ್ಜಿಯ ಜೊತೆ ಕೂತು ಮೊದಲ ಏಕಾದಶಿ ಮಾಡಿದವರು. ಅಲ್ಲಿಂದ ಒಂದನ್ನೂ ತಪ್ಪಿಸಿರಲಿಲ್ಲ, ಅದೂ ತೊಟ್ಟು ನೀರಿಲ್ಲದೆ. ಐವತ್ನಾಲ್ಕಕ್ಕೆ ಸಕ್ಕರೆ ರೋಗ ಬಂತು, ಇನ್ಸುಲಿನ್ ಸೂಜಿ ಬಂತು. ಉಪವಾಸ ಮಾಡಲೇಬೇಡಿ ಎಂದರು ವಿಜಯಪುರದ ಡಾಕ್ಟರು. ಬಾಯಾರು ಅಲ್ಲೇ ಅತ್ತುಬಿಟ್ಟರಂತೆ. ಆಮೇಲೆ ಡಾಕ್ಟರು ಸ್ವಲ್ಪ ಮೆತ್ತಗಾಗಿ, ಏಕಾದಶಿಯ ದಿನ ಸೂಜಿ ಅರ್ಧ ಮಾಡಿ, ಮೂರು ತಾಸಿಗೊಮ್ಮೆ ಹಾಲು, ಬಾಳೆಹಣ್ಣು ತಗೊಳ್ಳಿ, ಕೈ ನಡುಗಿದರೆ, ಬೆವೆತರೆ ತಡ ಮಾಡದೆ ಪೆಪ್ಪರಮಿಂಟು ಬಾಯಿಗೆ ಹಾಕಿಕೊಳ್ಳಿ ಎಂದರು. ಪೆಪ್ಪರಮಿಂಟು ಯಾಕೆ ಎಂದು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ.

ಆರು ವರ್ಷ ಬಾಯಾರು ಹಾಲು ಕುಡಿದೇ ಏಕಾದಶಿ ಮಾಡಿದರು. ಎರಡು ಮೂರು ಸಲ ಕೈ ನಡುಗಿದ್ದೂ ಉಂಟು. ಮಕ್ಕಳು ತಿನ್ನುವ ಬಿಳಿ ಪೆಪ್ಪರಮಿಂಟು ಹಾಕಿಕೊಂಡು ಸರಿಯಾದರು. ಆದರೆ ಮನಸ್ಸು ಸರಿಯಾಗಲಿಲ್ಲ. ಯಾರಾದರೂ ಉಪವಾಸವೇ ಎಂದು ಕೇಳಿದರೆ, ಇಲ್ಲ, ಒಲೆ ಹಚ್ಚಿಲ್ಲ ಅಷ್ಟೇ ಎನ್ನುತ್ತಿದ್ದರು. ಸಾಯುವುದರೊಳಗೆ ಒಂದೇ ಒಂದು ಏಕಾದಶಿಯನ್ನು ಮೊದಲಿನ ಹಾಗೆ ಮಾಡಬೇಕು ಎಂಬುದು ಅವರ ಆಸೆ. ಅದನ್ನು ಪೂರೈಸಬೇಕೆಂಬುದು ಸರ್ ಆಸೆ. ಇದು ಪ್ರೀತಿಯಲ್ಲ ಎಂದು ಯಾರಾದರೂ ಹೇಳಲಿ, ಅವರ ಜೊತೆ ಜಗಳಕ್ಕೆ ನಾನು ಸಿದ್ಧ.

ಹೋದ ವರ್ಷ ಆಷಾಢದ ಪ್ರಥಮ ಏಕಾದಶಿಗೆ ಎರಡು ವಾರ ಇರುವಾಗ ಸರ್ ನನ್ನ ಅಂಗಡಿಯ ಗಾಜಿನ ಕಪಾಟಿನಲ್ಲಿ ಸಕ್ಕರೆಯಿಲ್ಲದ ಪೆಪ್ಪರಮಿಂಟಿನ ಡಬ್ಬಿ ನೋಡಿದರು. ಸಣ್ಣ ತಗಡಿನ ಡಬ್ಬಿ, ಒಳಗೆ ಮಾತ್ರೆಯಂಥ ಬಿಳಿ ಬಿಲ್ಲೆ. ಯಾರಿಗೆ, ಯಾತಕ್ಕೆ ಎಂದು ಅವರು ಹೇಳಲಿಲ್ಲ. ಒಳಗಿರುವ ಒಂದೊಂದರ ಹೆಸರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋದರು.

ಮರುದಿನದಿಂದ ನನ್ನ ಪರೀಕ್ಷೆ ಶುರು. ಮೆಗ್ನೀಶಿಯಂ ಸ್ಟಿಯರೇಟ್ ಪ್ರಾಣಿಯ ಕೊಬ್ಬಿನದೋ, ಎಣ್ಣೆಯದೋ? ಕಂಪನಿಗೆ ಮೇಲ್ ಹಾಕಿದೆ, ಎಣ್ಣೆಯದೇ ಎಂದು ಉತ್ತರ ಬಂತು. ಸಕ್ಕರೆಯ ಬದಲು ಸಿಹಿಗೆ ಹಾಕುವ ಸುಕ್ರಲೋಸ್‌ನಿಂದ ಕ್ಯಾನ್ಸರ್ ಬರುತ್ತದೆಂದು ಯಾವುದೋ ಪೇಪರಿನಲ್ಲಿ ಬಂದಿದೆಯಲ್ಲ? ಮಿತಿಯಲ್ಲಿದ್ದರೆ ಭಯವಿಲ್ಲ ಎಂದು ತಜ್ಞರು ಹೇಳಿದ್ದನ್ನು ಫೋನಿನಲ್ಲೇ ಓದಿ ಹೇಳಿದೆ. ಸಾರ್ಬಿಟಾಲ್? ಅದೂ ಸಿಹಿಗೆ ಹಾಕುವುದೇ, ಹೆಚ್ಚಾದರೆ ಹೊಟ್ಟೆ ಕೆಡುತ್ತದೆ, ಡಬ್ಬಿಯ ಮೇಲೂ ಹಾಗೆಂದು ಬರೆದಿದೆ ಎಂದೆ. ಸರ್ ತಾವೇ ಲೆಕ್ಕ ಹಾಕಿ, ದಿನಕ್ಕೆ ನಾಲ್ಕು ಸಾಕು ಎಂದು ಮಿತಿ ಮಾಡಿಕೊಂಡರು. ಮೂರನೆಯ ದಿನ ಕಡೆಯ ಪ್ರಶ್ನೆ ಬಂತು.

"ಇದು ಸಕ್ಕರಿ ಏರಸ್ತದೇನು?"

"ಒಟ್ಟ ಏರ್ಸಂಗಿಲ್ರಿ ಸರ್," ಎಂದೆ. "ಸಕ್ಕರಿ ರೋಗದವ್ರ ಸಲುವಾಗಿನ ಮಾಡ್ಯಾರ್ರಿ."

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆರು ವರ್ಷ ಸಕ್ಕರೆಯೇ ವೈರಿ ಎಂದು ಕೇಳಿ ಕೇಳಿ ಸರ್ ಕಿವಿಯೂ, ಮಾರಿ ಮಾರಿ ನನ್ನ ಬಾಯಿಯೂ ಅದಕ್ಕೇ ಒಗ್ಗಿಹೋಗಿದ್ದವು. ಅವರು ಡಬ್ಬಿ ಜೇಬಿಗೆ ಹಾಕಿಕೊಂಡು, ಛಲೋ ಓದಿಕೊಂಡೀಯಪ್ಪಾ ಎಂದು ಬೆನ್ನು ತಟ್ಟಿ ಹೋದರು. ಆ ದಿನವೆಲ್ಲ ನಾನು ಉಬ್ಬಿಕೊಂಡಿದ್ದೆ.

ಮನೆಯಲ್ಲಿ ನಡೆದದ್ದು ನನಗೆ ಆಮೇಲೆ ಗೊತ್ತಾಯಿತು. ಇದು ತಿನಿಸಲ್ಲ, ಔಷಧ ಅಂಗಡಿಯದು, ಔಷಧಕ್ಕೆ ದೋಷವಿಲ್ಲ ಎಂದು ಸರ್ ಹೆಂಡತಿಗೆ ತಿಳಿಸಿ ಹೇಳಿದರು. ಕೈ ನಡುಗಿದರೆ ಇದು ಇದೆಯಲ್ಲ, ಈ ಸಲ ಹಾಲು, ಹಣ್ಣು ಬೇಡ, ಪೂರ್ತಿ ಮಾಡು ಎಂದರು. ಬಾಯಾರು ಆ ಬಿಲ್ಲೆಗಳಿಗೆ ತುಳಸಿ ನೀರು ಚಿಮುಕಿಸಿ ದೇವರ ಮುಂದೆ ಇಟ್ಟರಂತೆ.

ದಶಮಿಯ ರಾತ್ರಿ ಊಟವಿಲ್ಲ. ಏಕಾದಶಿಯ ಬೆಳಿಗ್ಗೆ ಅರ್ಧ ಸೂಜಿ ಆಯಿತು. ಬಾಯಾರು ಮಡಿಯುಟ್ಟು, ರಂಗೋಲಿ ಹಾಕಿ, ಹಾಡು ಹೇಳುತ್ತ ಕೂತರು. ಅಷ್ಟು ಖುಷಿಯಾಗಿ ಆಕೆಯನ್ನು ನೋಡಿ ವರ್ಷಗಳಾಗಿದ್ದವು ಎಂದು ಸರ್ ನನಗೆ ಹೇಳಿದರು. ಹನ್ನೆರಡರ ಸುಮಾರಿಗೆ ಕೈ ನಡುಗಿತು. ಒಂದು ಬಿಲ್ಲೆ, ಹತ್ತು ನಿಮಿಷಕ್ಕೆ ಇನ್ನೊಂದು. ಮನೆಯಲ್ಲಿ ರಕ್ತ ಪರೀಕ್ಷೆಯ ಮಶೀನು ಇತ್ತು. ಬೆರಳು ಚುಚ್ಚಿದರೆ ರಕ್ತ ಬಂದು ಮಡಿ ಕೆಡುತ್ತದೆ ಎಂದು ಬಾಯಾರು ಒಲ್ಲೆ ಎಂದರು. ಸರ್ ಒತ್ತಾಯ ಮಾಡಲಿಲ್ಲ. ಮತ್ತೆ ಎರಡು ಬಿಲ್ಲೆ ಕೊಟ್ಟರು. ನಾಲ್ಕಾದವು. ಮಿತಿ ಮುಗಿಯಿತೆಂದು ನಿಲ್ಲಿಸಿದರು. ಬಾಯಾರು ಏನೇನೋ ತೊದಲಿ, ಚಾಪೆಯ ಮೇಲೆ ಮಲಗಿದರು. ಔಷಧ ಕೊಟ್ಟಾಗಿದೆ, ಉಪವಾಸದ ದಣಿವು, ನಿದ್ದೆ ಮಾಡಲಿ ಎಂದು ಸರ್ ಸದ್ದು ಮಾಡದೆ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸಿದರು. ನಾಲ್ಕು ತಾಸು ಬೀಸಿದರು.

ಸಂಜೆ ನಾಲ್ಕೂವರೆಗೆ ನನಗೆ ಫೋನ್ ಬಂತು. ಎಬ್ಬಿಸಿದರೆ ಏಳುತ್ತಿಲ್ಲ, ಪೆಪ್ಪರಮಿಂಟು ಇನ್ನೂ ಕೊಡಬಹುದೇ ಎಂದು ಸರ್ ಕೇಳಿದರು. ಯಾವ ಪೆಪ್ಪರಮಿಂಟು ಎಂದು ಕೇಳುವಾಗಲೇ, ಸೂಜಿಯಿಂದ ಸಕ್ಕರೆ ಇಳಿದು ನಡುಗುವವರಿಗೆ ಸಕ್ಕರೆಯಿಲ್ಲದ್ದನ್ನು ಕೊಟ್ಟಿದ್ದಾರೆ ಎಂದು ನನಗೆ ಹೊಳೆಯಿತು. ಗ್ಲುಕೋಸ್ ಪುಡಿ ಹಿಡಿದು ಗಾಡಿ ಓಡಿಸಿದೆ. ಬಾಯಾರ ಸೀರೆ ಬೆವರಿಗೆ ತೊಯ್ದಿತ್ತು, ಹಲ್ಲು ಕಚ್ಚಿಕೊಂಡಿದ್ದವು. ಮಡಿಯಲ್ಲಿದ್ದವರನ್ನು ಮುಟ್ಟುವುದು ಹೇಗೆಂದು ಒಂದು ಕ್ಷಣ ಬಾಗಿಲಲ್ಲಿ ನಿಂತೆ. ಸರ್ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು. ಒಸಡಿಗೆ ಪುಡಿ ತಿಕ್ಕಿದೆ. ಆಸ್ಪತ್ರೆಯಲ್ಲಿ ಗ್ಲುಕೋಸ್ ಏರಿಸಿದ ಮೇಲೆ ರಕ್ತದ ಸಕ್ಕರೆ ಮೇಲೆ ಬಂತು, ಆದರೆ ಬಾಯಾರು ಕಣ್ಣು ತೆರೆಯಲಿಲ್ಲ. ಅಷ್ಟು ಹೊತ್ತು ಸಕ್ಕರೆ ಸಿಗದೆ ಮಿದುಳು ಸತ್ತಿದೆ ಎಂದು ಅಲ್ಲಿಯ ಡಾಕ್ಟರು ಮಗಳು ಸಂಪದಾಳಿಗೆ ಹೇಳಿದರು. ಸರ್ ಅವಳ ಹಿಂದೆಯೇ ನಿಂತಿದ್ದರು. ಒಂಬತ್ತನೆಯ ದಿನ ಬಾಯಾರು ಹೋದರು.

ಮಾತಾಡಿಸಲು ಬಂದವರದೆಲ್ಲ ಒಂದೇ ಮಾತು. ಏಕಾದಶಿಯ ದಿನ ಮಲಗಿದವರು, ಪುಣ್ಯವಂತೆ, ನೇರ ವೈಕುಂಠಕ್ಕೆ. ಸರ್ ಬಾಯಿ ತೆರೆದರೆ, ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಮುಚ್ಚಿಸುತ್ತಿದ್ದರು. ಮೂಲೆಯಲ್ಲಿ ಕೂತಿದ್ದ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ನಾನೂ ಬಾಯಿ ಬಿಡಲಿಲ್ಲ. ನನಗೆ ಹೆದರಿಕೆ ಇತ್ತು.

ಹದಿನೈದು ದಿನದ ಮೇಲೆ ಮಧ್ಯಾಹ್ನ ಸರ್ ಅಂಗಡಿಗೆ ಬಂದರು. ಗಿರಾಕಿಗಳು ಹೋಗುವವರೆಗೆ ಬೆಂಚಿನ ಮೇಲೆ ಕೂತಿದ್ದು, ಆಮೇಲೆ ಎದ್ದು ನಿಂತರು.

"ಎಲ್ಲಾರೂ ಪುಣ್ಯಾ ಪುಣ್ಯಾ ಅಂತಾರ. ನೀನರೆ ಖರೇ ಹೇಳು. ಅವತ್ತ ಮಧ್ಯಾಹ್ನ ಆಕಿ ಬಾಯಾಗ ಒಂದ ಚಮಚ ಸಕ್ಕರಿ ಹಾಕಿದ್ರ ಉಳೀತಿದ್ಲೇನು?"

ನಾನು ಸುತ್ತಿ ಬಳಸಿ ಹೇಳಬಹುದಿತ್ತು. ವಯಸ್ಸು, ರೋಗ, ಹಣೆಬರಹ ಎಂದು ಏನಾದರೂ ಹೇಳಬಹುದಿತ್ತು.

"ಉಳೀತಿದ್ರು ಸರ್," ಎಂದೆ. "ಯಾತಕ್ಕ ಬೇಕ್ರಿ ಅಂತ ನಾನೂ ಕೇಳಬೇಕಾಗಿತ್ರಿ. ಕೇಳಲಿಲ್ಲ."

ಅವರು ತಪ್ಪು ನಿನ್ನದಲ್ಲ ಎನ್ನುತ್ತಾರೆಂದು ನಾನು ಕಾದೆ. ಸುಳ್ಳೇಕೆ ಹೇಳಲಿ, ಆ ಒಂದು ಮಾತಿಗಾಗಿ ಹದಿನೈದು ದಿನದಿಂದ ಕಾದಿದ್ದೆ.

"ಹೌದಪ್ಪಾ," ಎಂದರು. "ಕೇಳಬೇಕಾಗಿತ್ತು."

ಚಪ್ಪಲಿ ಮೆಟ್ಟಿಕೊಂಡು ಬಿಸಿಲಿಗೆ ಇಳಿದು ಮನೆಯ ಕಡೆ ಹೋದರು.